ಪತ್ರಾಗಾರದ ಪಾಲನಾ ಧರ್ಮ: 1997ರ ಸುತ್ತೋಲೆಯ ಒಂದು ವಿಮರ್ಶೆ

ಧರ್ಮಸಭೆಯ ಸಾಂಸ್ಕೃತಿಕ ಸಂಪತ್ತಿಗಾಗಿ ರಚಿತವಾಗಿದ್ದ ವ್ಯಾಟಿಕನ್ ಆಯೋಗವು 1997ರ ಫೆಬ್ರವರಿ 2ರಂದು ಧರ್ಮಾಧ್ಯಕ್ಷರಿಗೆ ಒಂದು ಸುತ್ತೋಲೆಯನ್ನು ಹೊರಡಿಸಿತು. ಪತ್ರಾಗಾರಗಳ ಪಾಲನಾ ಕಾರ್ಯವೇ ಅದರ ವಿಷಯ. ದಾಖಲೆಗಳನ್ನು ಕಾಪಾಡುವುದು ಬರಿಯ ಕಚೇರಿಯ ಕೆಲಸವಲ್ಲ, ಶುಭಸಂದೇಶ ಸಾರುವ ಸೇವೆಯ ಅಂಗವೆಂದು ಅದು ಬೋಧಿಸುತ್ತದೆ. ಈ ಬೋಧನೆ ಸ್ವಾಗತಾರ್ಹ. ಆದರೆ ಸುತ್ತೋಲೆಯ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ಶತಮಾನಗಳ ಕಾಲ ಒಂದೆಡೆ ನೆಲೆನಿಂತ ಧರ್ಮಕೇಂದ್ರ. ವಿಜಯನಗರ ಜಿಲ್ಲೆಯ ತಂಬ್ರಹಳ್ಳಿಯ ಸೀಮೆಯಲ್ಲಿ ನಿಂತು ಓದಿದರೆ ಅದರ ಬಲವೂ ಕೊರತೆಯೂ ಒಟ್ಟಿಗೆ ಕಾಣುತ್ತವೆ.

ಇದು ತುಂಗಭದ್ರಾ ಹಿನ್ನೀರಿನ ಸೀಮೆ. ಮದ್ರಾಸ್ ರಾಜ್ಯದಲ್ಲಿದ್ದ ಈ ಭಾಗ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 2021ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟಿತು. ಊರು ಇದ್ದಲ್ಲೇ ಇದ್ದರೂ ಅದರ ಕಾಗದಪತ್ರಗಳನ್ನು ಅರಸುವವನು ಚೆನ್ನೈ, ಬೆಂಗಳೂರು, ಬಳ್ಳಾರಿ, ಹೊಸಪೇಟೆಗಳನ್ನು ಸುತ್ತಬೇಕಾಗುತ್ತದೆ. ಜಲಾಶಯ ತುಂಬಿದಾಗ ನಾರಾಯಣದೇವರಕೆರೆ ಮುಳುಗಿತು. ಅಲ್ಲಿಯವರು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ದಾಖಲೆಯಲ್ಲಿ ಉಳಿದ ಊರು ನೆಲದ ಮೇಲೆ ಇಲ್ಲದಿರುವುದು ಇಲ್ಲಿಯವರ ಅನುಭವವೇ ಆಗಿದೆ.

ಪತ್ರಾಗಾರ ಶಾಸ್ತ್ರವು ಇಂಥ ಸ್ಥಿತಿಗೆ ಹೇಳುವ ಮೊದಲ ಸೂತ್ರ ಮೂಲಸಂಬಂಧದ್ದು. ಫ್ರಾನ್ಸಿನಲ್ಲಿ 1841ರಲ್ಲಿ ಅಧಿಕೃತ ಸೂಚನೆಯಾಗಿ ಹೊರಟ ಈ ಸೂತ್ರವನ್ನು 1898ರ ಡಚ್ ಕೈಪಿಡಿಯು ಶಾಸ್ತ್ರವಾಗಿ ನೆಲೆಗೊಳಿಸಿತು. ಯಾರ ಕೆಲಸದಿಂದ ದಾಖಲೆ ಹುಟ್ಟಿತೋ ಅವರ ಸಂಗ್ರಹದೊಡನೆಯೇ ಅದು ಇರಬೇಕು. ವಿಷಯಾನುಸಾರ ಬೇರ್ಪಡಿಸಿದರೆ ಅದರ ಅರ್ಥ ಕೆಡುತ್ತದೆ. ನಮ್ಮ ಕಾನೂನು ಸಂಹಿತೆ ಇದಕ್ಕೆ ಪಾಲನೆಯ ರೂಪ ಕೊಟ್ಟಿದೆ. ಸ್ನಾನದೀಕ್ಷೆಯ ಪುಸ್ತಕ ದೀಕ್ಷೆ ನಡೆದ ಧರ್ಮಕೇಂದ್ರದಲ್ಲೇ ಉಳಿಯುತ್ತದೆ; ದೃಢೀಕರಣ, ವಿವಾಹ, ಗುರುದೀಕ್ಷೆಗಳ ಟಿಪ್ಪಣಿಯನ್ನು ಅದರಲ್ಲಿಯೇ ಸೇರಿಸಬೇಕು (535). ವಿವಾಹ ಬೇರೆಡೆ ನಡೆದರೆ ಅಲ್ಲಿಯ ಗುರು ಆ ಸುದ್ದಿಯನ್ನು ದೀಕ್ಷೆ ನಡೆದ ಕೇಂದ್ರಕ್ಕೆ ತಿಳಿಸಬೇಕು (1122). ದುಡಿಮೆಗಾಗಿ ಊರು ಬಿಟ್ಟವರ ಬದುಕಿನ ಕೊಂಡಿ ಈ ಒಂದು ಪತ್ರ. ಅದನ್ನು ಬರೆಯದೆ ಬಿಟ್ಟ ಗುರುವಿನ ಆಲಸ್ಯದ ಫಲವನ್ನು ಇಪ್ಪತ್ತು ವರ್ಷಗಳ ಅನಂತರ ಯಾರೋ ಒಬ್ಬ ವಧು ಅನುಭವಿಸಬೇಕಾದೀತು.

ದಾಖಲೆಯೇ ಸಿಗದಿದ್ದರೆ? ಎಜ್ರನ ಗ್ರಂಥದ ಎರಡನೆಯ ಅಧ್ಯಾಯದಲ್ಲಿ, ಸೆರೆಯಿಂದ ಮರಳಿದ ಕೆಲವು ಯಾಜಕ ಮನೆತನಗಳು ತಮ್ಮ ವಂಶಾವಳಿಯ ಪಟ್ಟಿಯನ್ನು ಹುಡುಕಿ, ಅದು ದೊರೆಯದೆ ಯಾಜಕ ಸೇವೆಯಿಂದ ಹೊರಗುಳಿದವು. ಸಂಹಿತೆಯ 876ನೇ ನಿಯಮ ಇದಕ್ಕಿಂತ ಕರುಣೆಯುಳ್ಳದ್ದು: ಯಾರಿಗೂ ಬಾಧಕವಾಗದಿದ್ದಲ್ಲಿ, ಸಂದೇಹಕ್ಕೆಡೆಯಿಲ್ಲದ ಒಬ್ಬ ಸಾಕ್ಷಿಯ ಮಾತು, ಅಥವಾ ಪ್ರಾಪ್ತ ವಯಸ್ಸಿನಲ್ಲಿ ದೀಕ್ಷೆ ಪಡೆದವನ ಸ್ವಂತ ಪ್ರಮಾಣ ಸಾಕು. ಬಾಯಿಮಾತಿನ ನೆನಪನ್ನು ಕಾನೂನೇ ಹೀಗೆ ಪ್ರಮಾಣವೆಂದು ಒಪ್ಪಿರುವಾಗ, ಸುತ್ತೋಲೆಯ ಒತ್ತು ಬರಹದ ಕಡೆಗೇ ಹೆಚ್ಚು ವಾಲಿರುವುದು ನಮ್ಮ ಸೀಮೆಗೆ ಸಾಲದು. ಇದೇ ದತ್ತಮಂಡಲಗಳಲ್ಲಿ 19ನೇ ಶತಮಾನದ ಆರಂಭದಲ್ಲಿ ಮೆಕೆಂಝಿಯ ಸಹಾಯಕರು ಊರೂರಿನ ನೆನಪುಗಳನ್ನು ಕೈಫಿಯತ್ತುಗಳಾಗಿ ಬರೆಸಿಕೊಂಡರು. ಅವರು ಹಾಗೆ ಮಾಡಿದ್ದು ಕಂಪನಿ ಸರ್ಕಾರದ ಆಶ್ರಯದಲ್ಲಿ. ಅಷ್ಟು ಕಾಳಜಿಯಾದರೂ ತನ್ನ ಜನರ ವಿಷಯದಲ್ಲಿ ಧರ್ಮಸಭೆಗೆ ಇರಬೇಡವೆ?

ಸುತ್ತೋಲೆಯು ಪತ್ರಾಗಾರವನ್ನು ಸಂಶೋಧಕರಿಗೆ ತೆರೆದಿಡಲು ಉದಾರವಾಗಿ ಪ್ರೋತ್ಸಾಹಿಸುತ್ತದೆ. ಇಲ್ಲಿ ಎಚ್ಚರ ಬೇಕು. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪರಿಚ್ಛೇದದ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮಗಳ ಹೊರಗಿರುವವರು ಪರಿಶಿಷ್ಟ ಜಾತಿಯವರೆಂದು ಪರಿಗಣಿತರಾಗುವುದಿಲ್ಲ. ಹೀಗಿರುವಾಗ ಸ್ನಾನದೀಕ್ಷೆಯ ಪುಸ್ತಕದ ಒಂದು ಸಾಲು ಬಡ ಕುಟುಂಬವೊಂದರ ಶಿಕ್ಷಣ, ಉದ್ಯೋಗಗಳನ್ನು ತಟ್ಟಬಲ್ಲದು. ಆದುದರಿಂದ ಸುಳ್ಳು ಬರೆಯುವುದು ಸಲ್ಲ. ಬರೆದದ್ದನ್ನು ಮುಚ್ಚಿಟ್ಟು ಸಂಬಂಧಪಟ್ಟವನಿಗೇ ನಿರಾಕರಿಸುವುದೂ ಸಲ್ಲ. ತನ್ನ ಸ್ಥಿತಿಗತಿಯ ದಾಖಲೆಯ ದೃಢೀಕೃತ ಪ್ರತಿ ಪಡೆಯುವ ಹಕ್ಕು ಅವನಿಗಿದೆ (487). ಪುಸ್ತಕ ಪರರ ಕೈ ಸೇರದಂತೆ ನೋಡಿಕೊಳ್ಳುವ ಹೊಣೆ ಗುರುವಿನದು (535). ಈ ಎರಡು ನಿಯಮಗಳ ನಡುವಿನ ವಿವೇಕವನ್ನು ಸುತ್ತೋಲೆ ಕಲಿಸುವುದಿಲ್ಲ, ಗುರುಮಠ ಕಲಿಸಬೇಕು.

ಕೆಲಸ ದೊಡ್ಡದಲ್ಲ. ಪ್ರತಿ ಧರ್ಮಕೇಂದ್ರದ ದಾಖಲೆಗಳ ಪಟ್ಟಿ ಎರಡು ಪ್ರತಿಗಳಲ್ಲಿದ್ದು, ಒಂದು ಅಲ್ಲಿಯೂ ಮತ್ತೊಂದು ಧರ್ಮಕ್ಷೇತ್ರದ ಪತ್ರಾಗಾರದಲ್ಲಿಯೂ ಇರಬೇಕೆಂದು 491ನೇ ನಿಯಮ ವಿಧಿಸಿದೆ. ಧರ್ಮಾಧ್ಯಕ್ಷರ ಭೇಟಿಯ ದಿನ ಪುಸ್ತಕಗಳ ಜೊತೆಗೆ ಈ ಪಟ್ಟಿಯನ್ನೂ ನೋಡುವ ರೂಢಿ ಬೆಳೆಯಲಿ. ಊರಿನ ಹಳೆಯ, ಈಗಿನ ಹೆಸರುಗಳೆರಡನ್ನೂ ಅದರಲ್ಲಿ ದಾಖಲಿಸಲಿ. ವೃದ್ಧರ ಹೇಳಿಕೆಗಳನ್ನು ಅವರ ಒಪ್ಪಿಗೆಯಿಂದ ಬರೆದು, ಹೇಳಿದವರ ಹೆಸರು, ದಿನಾಂಕ, ಬರೆದವರ ಸಹಿಗಳೊಡನೆ ಪ್ರತ್ಯೇಕ ಕಡತದಲ್ಲಿಡಲಿ. ದೇವಶಾಸ್ತ್ರದ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ತಮ್ಮ ಊರುಗಳಿಂದ ಇದನ್ನು ಆರಂಭಿಸಬಹುದು.