ಸಹಿ ಹಾಕದ ಕರಾರು

1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗರಾಗಿ ಬಂದಿದ್ದ ಕಮಲಾ ಭಾಗವತ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಭಾರತೀಯ ವಿಜ್ಞಾನ ಸಂಸ್ಥೆ) ಅರ್ಜಿ ಹಾಕಿದರು. ನಿರ್ದೇಶಕ ಸಿ.ವಿ. ರಾಮನ್ ಬೇಡವೆಂದರು, ಅರ್ಜಿದಾರಳು ಹೆಂಗಸು ಎಂಬುದೇ ಕಾರಣ. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ರಾಮನ್ ಷರತ್ತು ಹಾಕಿ ಒಪ್ಪಿದರು: ಮೊದಲ ವರ್ಷ ಪೂರ್ಣಪ್ರಮಾಣದ ವಿದ್ಯಾರ್ಥಿನಿಯೆಂದು ಪರಿಗಣಿಸುವುದಿಲ್ಲ, ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು, ಲ್ಯಾಬಿನ ವಾತಾವರಣ ಕೆಡಿಸಬಾರದು. ಮಾರ್ಗದರ್ಶಕ ಶ್ರೀನಿವಾಸಯ್ಯನವರ ಕೈಕೆಳಗೆ ದುಡಿದ ಈ ಕಮಲಾ, ಮುಂದೆ ಕಮಲಾ ಸೊಹೊನಿ, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು.

ಮೂರು ಷರತ್ತೂ ಒಂದೇ ಕಡೆಯವು. ಸಂಸ್ಥೆ ಆಕೆಗೆ ಏನು ಕೊಡುತ್ತದೆ ಎಂಬ ನಾಲ್ಕನೆಯ ಸಾಲು ಅಲ್ಲಿರಲಿಲ್ಲ. ಆದರೂ ಒಂದು ಮಾತು ಒಪ್ಪಬೇಕು: ಆ ಷರತ್ತುಗಳು ಬಾಯಿಬಿಟ್ಟು ಹೇಳಿದಂಥವು. ಇಂದಿನ ಲ್ಯಾಬುಗಳಲ್ಲಿ ಷರತ್ತುಗಳೇನೂ ಕಡಿಮೆಯಾಗಿಲ್ಲ, ಹೇಳುವವರಿಲ್ಲ ಅಷ್ಟೆ.

ಭಾನುವಾರ ಬರಬೇಕೇ? ಗೈಡ್ ಬಳಿ ಬಂದ ಉತ್ತರಪತ್ರಿಕೆಗಳನ್ನು ಸ್ಕಾಲರ್ ತಿದ್ದಬೇಕೇ? ಪ್ರಾಜೆಕ್ಟಿನ ಕೊಟೇಶನ್ ತರುವುದು, ಬಿಲ್ಲು ಜೋಡಿಸುವುದು ಸಂಶೋಧನೆಯ ಲೆಕ್ಕಕ್ಕೆ ಸೇರುತ್ತದೆಯೇ? ಸೇರಿದ ಮೊದಲ ವಾರ ಇದನ್ನು ಕೇಳಿದವನಿಗೆ ಅಧಿಕಪ್ರಸಂಗಿ ಎಂಬ ಹೆಸರು ಬರುತ್ತದೆ. ಕೇಳದವನು ಮೂರನೆಯ ವರ್ಷ ಸೀನಿಯರ್‌ಗಳ ಜೊತೆ ಕ್ಯಾಂಟೀನಿನಲ್ಲಿ ಗೊಣಗುತ್ತಾನೆ. ಗೈಡ್‌ಗಳ ಕಡೆಯಿಂದಲೂ ದೂರುಗಳಿವೆ, ಅವೆಲ್ಲ ಸುಳ್ಳೂ ಅಲ್ಲ. ನೋಟ್‌ಬುಕ್ ಬರೆಯದ ಸ್ಕಾಲರ್, ಪ್ರಯೋಗ ಕೆಟ್ಟದ್ದನ್ನು ಎರಡು ತಿಂಗಳು ಮುಚ್ಚಿಟ್ಟ ಸ್ಕಾಲರ್, ಊರಿಗೆ ಹೋಗಿ ಫೋನಿಗೂ ಸಿಗದ ಸ್ಕಾಲರ್ ಎಲ್ಲ ಲ್ಯಾಬಿನಲ್ಲೂ ಒಬ್ಬರಾದರೂ ಇರುತ್ತಾರೆ.

ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ ಇದಕ್ಕೊಂದು ಮದ್ದು ಹುಡುಕಿತು. ಜೈವಿಕ-ವೈದ್ಯಕೀಯ ಸಂಶೋಧನಾ ವಿದ್ಯಾರ್ಥಿಗಳು ಮತ್ತು ಅವರ ಮಾರ್ಗದರ್ಶಕರ ನಡುವಿನ ಒಡಂಬಡಿಕೆಯೊಂದನ್ನು 2008ರಲ್ಲಿ ಹೊರತಂದು, 2017ರಲ್ಲಿ ಪರಿಷ್ಕರಿಸಿತು. ಪದವಿ ಮುಗಿಸುವ ಮುಖ್ಯ ಹೊಣೆ ನನ್ನದೇ ಎಂದು ವಿದ್ಯಾರ್ಥಿ ಒಪ್ಪಬೇಕು. ತರಬೇತಿಗೆ ಸಂಬಂಧವಿಲ್ಲದ ಕೆಲಸ ಹೇರುವುದಿಲ್ಲ, ಪೇಪರಿನಲ್ಲಿ ಯಾರ ಹೆಸರು ಎಲ್ಲಿ ಎಂಬುದನ್ನು ಚರ್ಚಿಸುತ್ತೇನೆ ಎಂದು ಮಾರ್ಗದರ್ಶಕ ಒಪ್ಪಬೇಕು. ಓದಲು ಸಪ್ಪೆಯಾದ ಬರಹ. ಅದರ ಗುಣವೂ ಅಲ್ಲೇ ಇದೆ: ಇಬ್ಬರಿಗೂ ಕೇಳಲು ಮುಜುಗರವಾಗುವ ಪ್ರಶ್ನೆಗಳನ್ನು ಒಂದು ಹಾಳೆಯೇ ಕೇಳಿಬಿಡುತ್ತದೆ.

ಹೆಸರು, ಪಾಲಿನ ಮಾತು ಮೊದಲೇ ಆಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ಟ್ರೆಪ್ಟೊಮೈಸಿನ್ ಕತೆ ಸಾಕು. 1943ರಲ್ಲಿ ರಟ್ಗರ್ಸ್‌ನ ನೆಲಮಾಳಿಗೆಯ ಲ್ಯಾಬಿನಲ್ಲಿ ಆ ಔಷಧ ಕಂಡುಹಿಡಿದಾಗ ಆಲ್ಬರ್ಟ್ ಶಾಟ್ಸ್ 23ರ ವಿದ್ಯಾರ್ಥಿ. ಪೇಪರಿನಲ್ಲಿ ಅವರದೇ ಮೊದಲ ಹೆಸರು. ಪೇಟೆಂಟಿನಲ್ಲೂ ಗುರು ಸೆಲ್ಮನ್ ವಾಕ್ಸ್‌ಮನ್ ಜೊತೆ ಅವರ ಹೆಸರಿತ್ತು. ಗುರುವಿಗೆ ರಾಯಲ್ಟಿ ಸಲ್ಲುತ್ತಿದೆ ಎಂಬ ಸಂಗತಿ ಮಾತ್ರ ಶಿಷ್ಯನಿಗೆ ಆಮೇಲೆ ತಿಳಿಯಿತು. 1950ರಲ್ಲಿ ಶಾಟ್ಸ್ ದಾವೆ ಹೂಡಿದರು. ರಾಜಿಯಲ್ಲಿ ಸಹಸಂಶೋಧಕನೆಂಬ ಮಾನ್ಯತೆಯೂ ರಾಯಲ್ಟಿಯಲ್ಲಿ ಶೇ. 3ರ ಪಾಲೂ ದಕ್ಕಿತು. 1952ರ ನೊಬೆಲ್ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು.

ಹಾಗೆಂದು ಒಡಂಬಡಿಕೆಯನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಿಲ್ಲ. ಮುರಿದರೆ ಕೇಳುವವರು ಯಾರು ಎಂಬಲ್ಲಿ ಅದು ಮೆತ್ತಗಾಗುತ್ತದೆ. ನಮ್ಮ ಯುಜಿಸಿಯ 2022ರ ನಿಯಮಗಳು ಈ ಹಾದಿಯಲ್ಲಿ ಅರ್ಧ ದೂರ ಬಂದಿವೆ. ಪ್ರೊಫೆಸರಿಗೆ 8, ಅಸೋಸಿಯೇಟ್ ಪ್ರೊಫೆಸರಿಗೆ 6, ಅಸಿಸ್ಟೆಂಟ್ ಪ್ರೊಫೆಸರಿಗೆ 4 ಪಿಎಚ್.ಡಿ. ವಿದ್ಯಾರ್ಥಿಗಳ ಮಿತಿ ಇದೆ. ಪ್ರತಿ ಸೆಮಿಸ್ಟರ್‌ನಲ್ಲೂ ಸ್ಕಾಲರ್ ಸಲಹಾ ಸಮಿತಿಯ ಮುಂದೆ ಪ್ರಗತಿ ತೋರಿಸಬೇಕು. ಒಳ್ಳೆಯದೇ. ಆದರೆ ಆ ಸಮಿತಿಯ ಸಂಚಾಲಕರು ಅದೇ ಗೈಡ್! ಅಧ್ಯಾಯದ ಕರಡು ಸರ್ ಮೇಜಿನ ಮೇಲೆ ನಾಲ್ಕು ತಿಂಗಳಿಂದ ಬಿದ್ದಿದೆ ಎಂದು ಸರ್ ಕರೆದ ಸಭೆಯಲ್ಲೇ ಹೇಳುವ ಎದೆಗಾರಿಕೆ ಎಷ್ಟು ಜನರಿಗಿದೆ? ವಿದ್ಯಾರ್ಥಿಯ ಪ್ರಗತಿ ಅಳೆಯಲು ನಮೂನೆಗಳಿವೆ. ಗೈಡ್ ಎಷ್ಟು ದಿನದಲ್ಲಿ ಓದಿ ಕೊಟ್ಟರು ಎಂಬುದಕ್ಕೆ ಒಂದು ಕಲಮೂ ಇಲ್ಲದಿದ್ದರೆ ಅದು ವಿದ್ಯಾರ್ಥಿಯ ವರದಿ ಮಾತ್ರ, ಇಬ್ಬರ ನಡುವಿನ ಕರಾರಲ್ಲ.

ಗೈಡ್ ದೊಡ್ಡವರು, ವಿಜ್ಞಾನ ಚೆನ್ನಾಗಿ ನಡೆಯುತ್ತಿದೆ, ಉಳಿದದ್ದು ತಾನಾಗಿ ಆಗುತ್ತದೆ ಎಂಬ ನಂಬಿಕೆಯೂ ಅಪಾಯದ್ದೇ. ಮತ್ತೆ ರಾಮನ್ ಬಳಿಗೇ ಬರಬೇಕು. 1940ರಲ್ಲಿ ಅವರ ಲ್ಯಾಬು ಸೇರಿದ ಅನ್ನಾ ಮಣಿ ವಜ್ರ, ಮಾಣಿಕ್ಯಗಳ ಪ್ರತಿದೀಪ್ತಿಯನ್ನು ಅಧ್ಯಯನ ಮಾಡಿದರು. ಒಂದೊಂದು ಛಾಯಾಫಲಕಕ್ಕೆ 15-20 ಗಂಟೆ ಬೆಳಕು ತಾಗಿಸಬೇಕಿತ್ತು. ರಾತ್ರಿಗಳು ಲ್ಯಾಬಿನಲ್ಲೇ ಕಳೆಯುತ್ತಿದ್ದವು. 1942ರಿಂದ 1945ರೊಳಗೆ ಅವರೊಬ್ಬರದೇ ಹೆಸರಿನಲ್ಲಿ ಐದು ಪೇಪರುಗಳು ಬಂದವು. ಗುರುವಿನ ಹೆಸರು ಅಂಟಿಸದೆ ಶಿಷ್ಯೆಯ ಪೇಪರು ಹೊರಬರುವುದು ಇವತ್ತಿಗೂ ಅಪರೂಪ. ಅಷ್ಟರಮಟ್ಟಿಗೆ ರಾಮನ್ ಧಾರಾಳಿ. 1945ರಲ್ಲಿ ಥೀಸಿಸ್ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಎಂ.ಎಸ್ಸಿ. ಇಲ್ಲವೆಂದು ವಿಶ್ವವಿದ್ಯಾಲಯ ಪದವಿ ನಿರಾಕರಿಸಿತು. ಆ ವಿದ್ಯಾರ್ಹತೆಯ ಪ್ರಶ್ನೆ ಐದು ವರ್ಷದ ಹಿಂದೆಯೇ ಇತ್ಯರ್ಥವಾಗಬೇಕಿತ್ತು, ಆಗಿರಲಿಲ್ಲ.

ಅನ್ನಾ ಮಣಿ ಮುಂದೆ ಹವಾಮಾನ ಇಲಾಖೆ ಸೇರಿ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. ಪಿಎಚ್.ಡಿ. ಸಿಗಲೇ ಇಲ್ಲ. ಆ ಥೀಸಿಸ್ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ.