ಪಾಯದ ಹಣ ಯಾರು ಹಾಕಬೇಕು?

1970ರ ದಶಕದ ಆರಂಭದಲ್ಲಿ ಪೂರ್ವ ಬಂಗಾಳದ ನಿರಾಶ್ರಿತರನ್ನು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಿಗೆ ಕರೆತಂದಾಗ ಸರ್ಕಾರ ಸೂರಿನ ಜೊತೆ ಉಳುವ ಭೂಮಿಯನ್ನೂ ಕೊಟ್ಟಿತು. ಪೌರತ್ವಕ್ಕಾಗಿ ಅವರಲ್ಲಿ ಅನೇಕರು ದಶಕಗಟ್ಟಲೆ ಕಾದರು, ಅದು ಬೇರೆಯೇ ಅನ್ಯಾಯ. ಆದರೂ ದುಡಿಯಲು ಹೊಲವಿತ್ತು. ಆ ಕುಟುಂಬಗಳು ಅಲ್ಲೇ ಬೇರೂರಿದವು.

ಆಮೇಲೆ ಬಂದ ವಸತಿ ಯೋಜನೆಗಳು ಮನೆಯನ್ನು ಬದುಕಿನಿಂದ ಬೇರ್ಪಡಿಸಿ ನೋಡಿದವು. 1991-92ರ ಆಶ್ರಯ, 2010ರ ಬಸವ ವಸತಿ, 2016ರಿಂದ ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ: ಹೆಸರು ಬದಲಾದರೂ ಲೆಕ್ಕ ಮಾತ್ರ ಎಷ್ಟು ಮನೆ ಮಂಜೂರಾಯಿತು ಎಂಬುದರದೇ.

ಬಸವ ವಸತಿಯ ನಡೆಯನ್ನೇ ನೋಡಿ. ಗ್ರಾಮಸಭೆಯಲ್ಲಿ ಹೆಸರು ಬರಬೇಕು, ಕಟ್ಟಲು ಸ್ವಂತ ಜಾಗ ಇರಬೇಕು. ಆಮೇಲೆ ಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ನಾಲ್ಕು ಹಂತ. ಪಾಯ ಮುಗಿದು, ಜಿಪಿಎಸ್ ಫೋಟೊ ಏರಿದ ಮೇಲೆಯೇ ಮೊದಲ ಕಂತು. ಹಾಗಾದರೆ ಆ ಪಾಯಕ್ಕೆ ಕಲ್ಲು, ಉಸುಕು, ಮೇಸ್ತ್ರಿಯ ಕೂಲಿ ಯಾರು ಕೊಡಬೇಕು? ಕೈಯಲ್ಲಿ ಕಾಸಿಲ್ಲದವರು ಬಡ್ಡಿಗೆ ತರಬೇಕು. ಬಡವರಿಗೆಂದೇ ಮಾಡಿದ ಯೋಜನೆಯ ಮೊದಲ ಮೆಟ್ಟಿಲೇ ಸಾಲ. ಇನ್ನು ಕೇಂದ್ರದ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 2016ರಲ್ಲಿ ನಿಗದಿಯಾದದ್ದು 1.20 ಲಕ್ಷ ರೂಪಾಯಿ. ಸಿಮೆಂಟು, ಕಬ್ಬಿಣ, ಕೂಲಿ ಎಲ್ಲದರ ದರ ಏರಿದರೂ 2024ರಲ್ಲಿ ಯೋಜನೆಯನ್ನು ಮುಂದಿನ ಐದು ವರ್ಷಕ್ಕೆ ವಿಸ್ತರಿಸುವಾಗ ಈ ಮೊತ್ತವನ್ನು ಮುಟ್ಟಲಿಲ್ಲ.

ಲಿಂಗಸುಗೂರು, ಮಸ್ಕಿ ಭಾಗದ ತಾಂಡಾಗಳಿಗೆ ಇನ್ನೊಂದು ತೊಡಕಿದೆ. ಮಳೆ ಕೈಕೊಟ್ಟರೆ ಜನ ಬೆಂಗಳೂರು, ಪುಣೆಗೆ ಗುಳೆ ಹೋಗುತ್ತಾರೆ. ಅಲ್ಲಿ ನಗರದವರ ಬಹುಮಹಡಿ ಕಟ್ಟಡ ಕಟ್ಟುತ್ತಾ ತಾವು ಪತ್ರಾಸ್ ಶೆಡ್ಡಿನಲ್ಲಿ ಮಲಗುತ್ತಾರೆ. ಹಂತಹಂತವಾಗಿ ಕಟ್ಟಿಸಿ, ಫೋಟೊಗೆ ನಿಲ್ಲಲು ಊರಲ್ಲಿ ಯಾರಿರುತ್ತಾರೆ? ಕಂತು ತಪ್ಪಿದರೆ ಅದನ್ನು ಫಲಾನುಭವಿಯ ನಿರ್ಲಕ್ಷ್ಯ ಎಂದು ಬರೆದುಕೊಳ್ಳುವುದು ತಪ್ಪು.

ಈ ಭಾಗದಲ್ಲಿ ನಿಜಕ್ಕೂ ಮೆಚ್ಚಬೇಕಾದದ್ದು ಹಕ್ಕುಪತ್ರದ ಕೆಲಸ. ದಾಖಲೆಯಿಲ್ಲದ ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮ ಮಾಡಿ, ವಾಸಿಸುವವರಿಗೇ ಮನೆಯ ಒಡೆತನ ಕೊಡಲು ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತರಲಾಯಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ರಾಯಚೂರೂ ಸೇರಿ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ತಲೆಮಾರುಗಳಿಂದ ಇದ್ದ ಜಾಗದಲ್ಲೇ ಒತ್ತುವರಿದಾರ ಎನಿಸಿಕೊಳ್ಳುವ ಭಯ ಇದರಿಂದ ತಪ್ಪುತ್ತದೆ, ವಸತಿ ಯೋಜನೆಗೆ ಅರ್ಜಿ ಹಾಕಲು ಆಧಾರವೂ ಸಿಗುತ್ತದೆ. ಆದರೆ ಇದರ ಲಾಭ ಈಗಾಗಲೇ ಗುಡಿಸಲಾದರೂ ಇದ್ದವರಿಗೆ. ಅಣ್ಣತಮ್ಮಂದಿರು ಬೇರೆಯಾಗಿ ಒಂದೇ ಮನೆಯಲ್ಲಿ ಎರಡು ಮೂರು ಒಲೆ ಹೂಡಿದವರು ಇನ್ನೂ ನಿವೇಶನಕ್ಕೆ ಕಾಯಬೇಕು. ಪಟ್ಟಣದ ಅಂಚಿನಲ್ಲಿ ಹೊಲಗಳು ಲೇಔಟಾದಂತೆ ಸರ್ಕಾರಕ್ಕೂ ಅಲ್ಲಿ ಜಾಗ ಕೊಳ್ಳುವುದು ದುಬಾರಿಯಾಗುತ್ತದೆ.

ಬೀದಿಯಲ್ಲೇ ಮಲಗುವವರ ಪಾಡು ಇನ್ನೂ ಕಷ್ಟ. ಕೇಂದ್ರದ ನಗರ ಜೀವನೋಪಾಯ ಅಭಿಯಾನದ ರಾತ್ರಿ ತಂಗುದಾಣಗಳ ಅಳತೆಗೋಲು ಒಂದು ಲಕ್ಷ ಜನಸಂಖ್ಯೆಗೆ ಒಂದು ಎಂದಿತ್ತು. 2011ರ ಜನಗಣತಿಯಲ್ಲಿ ಸಿಂಧನೂರು ಪಟ್ಟಣವೇ ಲಕ್ಷ ಮುಟ್ಟಿರಲಿಲ್ಲ. ಲಿಂಗಸುಗೂರು, ಮಸ್ಕಿ ಅದಕ್ಕಿಂತ ಚಿಕ್ಕವು. ಭತ್ತದ ಸುಗ್ಗಿಗೆ ಕೂಲಿ ಹುಡುಕಿ ಬಂದವರು ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆದರೆ ಅವರು ಈ ಅಳತೆಯೊಳಗೆ ಬರುತ್ತಿರಲಿಲ್ಲ. ಸಣ್ಣ ಪಟ್ಟಣಗಳಿಗೆ ಜನಸಂಖ್ಯೆಯ ಬದಲು ಸುಗ್ಗಿಯ ಕಾಲದ ವಲಸೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಇನ್ನು ಬಸವ ವಸತಿಯಲ್ಲಿ ಪಾಯದ ಹಣವನ್ನು ಮಂಜೂರಾತಿ ಪತ್ರದ ಜೊತೆಗೇ ಕೊಡಬೇಕು, ಗುಳೆ ಹೋದವರಿಗೆ ಕಟ್ಟುವ ಅವಧಿ ಹೆಚ್ಚಿಸಬೇಕು. ಈ ಎರಡಕ್ಕೂ ಹೊಸ ಯೋಜನೆ ಬೇಕಿಲ್ಲ, ಇರುವ ನಿಯಮ ತಿದ್ದಿದರೆ ಆದೀತು.