ರೋಗಿಯ ಗುಟ್ಟು, ಬಂಧುಗಳ ಅರಿವು: ‘ಇವಾನ್ ಇಲಿಚನ ಮರಣ’ವನ್ನು ಕುರಿತು

ಟಾಲ್‌ಸ್ಟಾಯ್ ೧೮೮೬ರಲ್ಲಿ ಪ್ರಕಟಿಸಿದ ‘ಇವಾನ್ ಇಲಿಚನ ಮರಣ’ ಎಂಬ ನೀಳ್ಗತೆಯನ್ನು ಮೃತ್ಯುಭಯದ ಕಥೆಯೆಂದು ಪಾಠ ಹೇಳುವುದು ವಾಡಿಕೆ. ಆ ವಾಚನ ಅಸಂಗತವೇನೂ ಅಲ್ಲ. ಆದರೆ ಕೃತಿಯ ನಡುಭಾಗಕ್ಕೆ ಅದರಿಂದ ನ್ಯಾಯ ದೊರೆಯುವುದಿಲ್ಲವೆಂದು ನಮ್ಮ ಅಭಿಪ್ರಾಯ. ನಾಯಕನು ಸತ್ತ ಸುದ್ದಿ ಮೊದಲನೆಯ ಅಧ್ಯಾಯದಲ್ಲೇ, ನ್ಯಾಯಾಲಯದ ಸಹೋದ್ಯೋಗಿಗಳ ಕೈಯ ಪತ್ರಿಕೆಯಲ್ಲಿ, ಹೊರಬಿದ್ದಿರುತ್ತದೆ. ಅಲ್ಲಿಂದ ಮುಂದೆ ಓದುಗನನ್ನು ಹಿಡಿದು ನಿಲ್ಲಿಸುವುದು, ಒಬ್ಬ ರೋಗಿಯ ದೇಹವನ್ನು ಕುರಿತ ಅರಿವು ಯಾರ ಯಾರಲ್ಲಿ ಹಂಚಿಹೋಗಿದೆ ಎಂಬುದರ ಚಿತ್ರಣ.

ಇವಾನ್ ಇಲಿಚ್ ನ್ಯಾಯಾಧೀಶ. ತನ್ನ ರೋಗ ಅಪಾಯಕರವೇ ಎಂದು ಅವನು ಕೇಳಿದಾಗ ಪ್ರಸಿದ್ಧ ವೈದ್ಯನು, ಮೇರೆಮೀರಿ ಮಾತನಾಡಿದ ಆಪಾದಿತನನ್ನು ನೋಡುವಂತೆ ನೋಡುತ್ತಾನೆ, ಉತ್ತರ ಕೊಡುವುದಿಲ್ಲ. ಇತ್ತ ಹೆಂಡತಿ, ಗಂಡನು ಔಷಧ ಪಥ್ಯಗಳನ್ನು ಸರಿಯಾಗಿ ನಡೆಸುವುದಿಲ್ಲವೆಂದು ಪರಿಚಿತರೆದುರು ದೂರಿಕೊಳ್ಳುತ್ತಾಳೆ. ಭಾವಮೈದುನನ ಪ್ರಸಂಗವಂತೂ ಕಥೆಯ ಮರ್ಮಸ್ಥಾನ. ಮನೆಗೆ ಬಂದ ಅವನು ರೋಗಿಯನ್ನು ಕಂಡೊಡನೆ ಬೆಚ್ಚಿ ಬಾಯಿ ತೆರೆದು, ಹೇಗೋ ತಡೆದುಕೊಳ್ಳುತ್ತಾನೆ; ಆಮೇಲೆ ಸೋದರಿಯೊಡನೆ, ಈತ ಆಗಲೇ ಸತ್ತವನಂತೆಯೇ ಎಂದು ಹೇಳಿಬಿಡುತ್ತಾನೆ. ಇವಾನ್ ಇಲಿಚ್ ಅದನ್ನು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಾನೆ. ತನ್ನ ಮನೆಯಲ್ಲಿ ತನ್ನ ವಿಷಯವನ್ನೇ ಕಳ್ಳನಂತೆ ಕೇಳಬೇಕಾದ ಆ ಸ್ಥಿತಿ! ಮುಂದೆ ಅವನನ್ನು ಎಲ್ಲಕ್ಕಿಂತ ಹೆಚ್ಚಾಗಿ ಬಾಧಿಸುವುದು ಸುತ್ತಲಿನವರ ಸುಳ್ಳು.

ಇದು ಪಾಶ್ಚಾತ್ಯ ವ್ಯಕ್ತಿವಾದ, ನಮ್ಮಲ್ಲಿ ರೋಗಿಯು ಕುಟುಂಬಕ್ಕೆ ಸೇರಿದವನು, ಅವನಿಂದ ಮುಚ್ಚಿಟ್ಟು ಮನೆಯವರಿಗೆ ಹೇಳುವುದೇ ಕರುಣೆ ಎಂದು ವಾದಿಸುವವರುಂಟು. ಚರಕಸಂಹಿತೆಯನ್ನು ಇದಕ್ಕೆ ಆಧಾರವಾಗಿ ಹಿಡಿಯುವುದೂ ಸಾಧ್ಯ. ವಿಮಾನಸ್ಥಾನದ ೮ನೆಯ ಅಧ್ಯಾಯದಲ್ಲಿ ಗುರುವು ಶಿಷ್ಯನಿಗೆ ವಿಧಿಸುವ ನಿಯಮಗಳಲ್ಲಿ, ರೋಗಿಯ ಆಯುಸ್ಸು ತೀರುತ್ತ ಬಂದುದು ತಿಳಿದಿದ್ದರೂ ಹೇಳಬಾರದೆಂಬುದು ಒಂದು. ಆದರೆ ಎಲ್ಲಿ ಹೇಳಬಾರದು? ಹೇಳಿದರೆ ರೋಗಿಗಾಗಲಿ ಬೇರೊಬ್ಬರಿಗಾಗಲಿ ಆಘಾತವಾಗುವ ಕಡೆಯಲ್ಲಿ. ಆ ‘ಬೇರೊಬ್ಬರ’ಲ್ಲಿ ಬಂಧುಗಳೂ ಸೇರುತ್ತಾರೆ. ರೋಗಿಯ ಮನೆಯೊಳಗಿನ ಸಂಗತಿಯನ್ನು ಹೊರಗೆ ಹೇಳಬಾರದೆಂಬ ವಿಧಿಯೂ ಅದೇ ಪ್ರಕರಣದಲ್ಲಿದೆ. ರೋಗಿಗೆ ಮೌನ, ಬಂಧುಗಳಿಗೆ ವಿವರ ಎಂಬ ವಿಭಜನೆಯನ್ನು ಈ ವಾಕ್ಯಗಳಿಂದ ಹಿಂಡಿ ತೆಗೆಯಲಾಗದು.

ಅದಕ್ಕೆ ಎಡೆಗೊಡುವುದು ಈಚಿನ ಒಂದು ಗದ್ಯ. ಭಾರತೀಯ ವೈದ್ಯಕೀಯ ಪರಿಷತ್ತಿನ ೨೦೦೨ರ ನಿಯಮಾವಳಿಯಲ್ಲಿ ರೋಗಿಯ ಗುಟ್ಟನ್ನು ಹೊರಗೆಡಹಬಾರದೆಂಬ ಕಟ್ಟುಪಾಡು, ನ್ಯಾಯಾಲಯದ ಆಜ್ಞೆಯೇ ಮೊದಲಾದ ಅಪವಾದಗಳೊಡನೆ, ಸ್ಪಷ್ಟವಾಗಿದೆ. ಆದರೆ ರೋಗದ ಗತಿಯನ್ನು ತಿಳಿಸುವ ಮಾತು ಬಂದಾಗ ರೋಗಿ, ಬಂಧುಗಳು, ಹೊಣೆಯರಿತ ಸ್ನೇಹಿತರು ಈ ಮೂವರನ್ನೂ ‘ಅಥವಾ’ ಎಂಬರ್ಥದ ಒಂದೇ ಅವ್ಯಯದಿಂದ ಪೋಣಿಸಿದ್ದಾರೆ. ವ್ಯಾಕರಣದ ಪ್ರಕಾರ ಮಗನಿಗೆ ತಿಳಿಸಿದರೆ ತಂದೆಗೆ ತಿಳಿಸುವ ಹೊಣೆ ತೀರಿತು! ಆಸ್ಪತ್ರೆಯಲ್ಲಿ ಮಗನನ್ನು ಪಕ್ಕಕ್ಕೆ ಕರೆದು ಮಾತನಾಡುವ ವೈದ್ಯನನ್ನು ನಾವೆಲ್ಲರೂ ಕಂಡಿದ್ದೇವೆ. ಶುಶ್ರೂಷೆಯ ಭಾರವನ್ನೂ ಹಣದ ಭಾರವನ್ನೂ ಹೊರುವವನಿಗೆ ತಿಳಿಯಬೇಕಾದುದು ಇದ್ದೇ ಇರುತ್ತದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ತಂದೆಯನ್ನು ಕೇಳಿ ಮಗನಿಗೆ ಹೇಳುವುದಕ್ಕೂ ತಂದೆಗೆ ಬದಲಾಗಿ ಮಗನಿಗೆ ಹೇಳುವುದಕ್ಕೂ ಬಹಳ ಅಂತರವಿದೆ.

ಟಾಲ್‌ಸ್ಟಾಯ್ ಬಂಧುಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಿಲ್ಲವೆಂಬುದನ್ನೂ ವಿದ್ಯಾರ್ಥಿಗಳು ಗಮನಿಸಬೇಕು. ಸುಳ್ಳಾಡದೆ ರೋಗಿಯ ಕಾಲುಗಳನ್ನು ಹೆಗಲ ಮೇಲೆ ಹೊತ್ತು ಕೂರುವ ಗೆರಾಸಿಮ್ ಮನೆಯ ಆಳು. ಅವನನ್ನು ಬಿಟ್ಟರೆ ಇವಾನ್ ಇಲಿಚನಿಗೆ ತನ್ನನ್ನು ಅರಿತು ಮರುಗುವವನಾಗಿ ತೋರುವವನು ಶಾಲೆಗೆ ಹೋಗುವ ಮಗ ವಾಸ್ಯ. ವೈದ್ಯನು ಇವರಿಬ್ಬರಿಗೆ ಏನನ್ನಾದರೂ ತಿಳಿಸಿದನೆಂದು ಕಥೆಯಲ್ಲಿ ಹೇಳಿಲ್ಲ.